ಅತ್ತೆಯ ಕೈಯಲ್ಲಿದ್ದ ಹಗ್ಗ

ನನಗೆ ಹತ್ತುವುದನ್ನು ಕಲಿಸಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಹಿಮಾಲಯ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಅವಳು ಇವತ್ತಿಗೂ ಒಂದು ಕ್ಷಣ ಯೋಚಿಸಿ ವನಗೂರಿನ ಕಡೆಗೆ ಕೈ ತೋರಿಸುತ್ತಾಳೆ. ಅವಳಿಗೆ ಗೊತ್ತಿದ್ದದ್ದು ಬಿದಿರಿನ ಏಣಿ, ಕಾಫಿಗೆ ನೆರಳು ಕೊಡುವ ಸಿಲ್ವರ್ ಮರ, ಆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ನಾನು ವರ್ಷದ ಅರ್ಧ ಹಿಮಾಲಯದಲ್ಲಿ ತಂಡಗಳನ್ನು ಹತ್ತಿಸುತ್ತೇನೆ, ಉಳಿದರ್ಧ ಸಮುದ್ರದಲ್ಲಿ ಉಸಿರು ಹಿಡಿದು ಮುಳುಗುವುದನ್ನು ಕಲಿಸುತ್ತೇನೆ. ಮೊದಲನೆಯದು ಅತ್ತೆಯಿಂದ ಬಂದದ್ದು. ಎರಡನೆಯದು ಅವಳಿಗೆ ಎಷ್ಟು ಹೆದರಿಕೆ ಹುಟ್ಟಿಸಿತ್ತು, ಆಮೇಲೆ ಏನಾಯಿತು ಎನ್ನುವುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಅಪ್ಪ ವನಗೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಕೂಗಿ, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕೆಂದು ಹೇಳಿ ಕಳಿಸುವ ಕೆಲಸ. ಅಮ್ಮ ಆಲೂರಿನ ಕಡೆ ಒಂದು ಸ್ಕೂಲಿನಲ್ಲಿ ಮೇಡಂ. ಅಲ್ಲೇ ಒಂದು ರೂಮು ಮಾಡಿಕೊಂಡಿದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಹಾಗಾಗಿ ವಾರದ ಐದು ದಿನ ನಾನು ಅತ್ತೆಯ ಮಗಳೇ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು ಅವಳು. ಅದರ ಬಗ್ಗೆ ಅವಳು ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ.

ಎಸ್ಟೇಟಿನಲ್ಲಿ ಹೆಂಗಸರು ಕಾಫಿ ಕೊಯ್ಯುತ್ತಿದ್ದರು, ಅತ್ತೆಯೂ ಅವರ ಜೊತೆಗಿದ್ದಳು. ಮೆಣಸು ಕೊಯ್ಯಲು ಏಣಿ ಹತ್ತುವುದು ಗಂಡಸರ ಕೆಲಸ. ಒಂದು ವರ್ಷ ಏಣಿ ಹತ್ತುವ ಮೂವರೂ ಬೇರೆ ಎಸ್ಟೇಟಿಗೆ ಹೋಗಿಬಿಟ್ಟರು. ಬಳ್ಳಿಯಲ್ಲಿ ಮೆಣಸು ಕೆಂಪಾಗಿ ಉದುರತೊಡಗಿತ್ತು. ಅತ್ತೆ ಎರಡು ದಿನ ನೋಡಿದಳು. ಮೂರನೆಯ ದಿನ ಅಪ್ಪನ ಹಳೆಯ ಪ್ಯಾಂಟನ್ನು ಸೀರೆಯೊಳಗೆ ಹಾಕಿಕೊಂಡು, ಸೊಂಟಕ್ಕೆ ಗೋಣಿಚೀಲ ಕಟ್ಟಿಕೊಂಡು ಮೂವತ್ತು ಅಡಿ ಏಣಿ ಹತ್ತಿದಳು. ಕೆಳಗೆ ನಿಂತಿದ್ದ ಅಪ್ಪ, "ಅಕ್ಕಾ, ಯಾರಾದ್ರೂ ನೋಡಿದ್ರೆ ಏನಂದಾರು?" ಎಂದರಂತೆ. "ನೋಡ್ದೋರು ಏಣಿ ಹಿಡ್ಕಳ್ಳಕ್ಕೆ ಬರ್ಲಿ," ಎಂದು ಮೇಲಿನಿಂದ ಉತ್ತರ ಬಂತಂತೆ. ಅಲ್ಲಿಂದ ಪ್ರತಿ ವರ್ಷ ಅವಳೇ ಹತ್ತಿದಳು.

ನನಗೆ ಹತ್ತು ವರ್ಷವಾದಾಗ ಏಣಿಯ ಮೊದಲ ಮೆಟ್ಟಿಲಿಗೆ ನನ್ನನ್ನು ನಿಲ್ಲಿಸಿ ಅವಳು ಹಿಂದೆ ನಿಂತಳು.

"ಕೈ ಎಲ್ಲಿಡ್ತೀಯೋ ಅಲ್ಲೇ ಕಣ್ಣಿರ್ಲಿ. ಕೆಳಗೆ ನೋಡ್ಬ್ಯಾಡ. ಭೂಮಿ ಎಲ್ಲೂ ಹೋಗಲ್ಲ."

"ಕಾಲು ನಡುಗ್ತೈತೆ ಅತ್ತೆ."

"ನಡುಗ್ಲಿ ಬುಡು. ಎರಡು ಕಾಲು, ಒಂದು ಕೈ ಗಟ್ಟಿ ಕೂತಮೇಲೆ ಇನ್ನೊಂದು ಕೈ ಎತ್ತು. ಅವಸರ ಮಾಡಿದ್ರೆ ಮೆಣಸನ್ನ ನೀನು ಕೀಳಲ್ಲ, ಮೆಣಸೇ ನಿನ್ನ ಕೀಳ್ತೈತೆ."

ಹನ್ನೆರಡು ವರ್ಷದ ನಂತರ ಉತ್ತರಾಖಂಡದಲ್ಲಿ ಪರ್ವತಾರೋಹಣ ಕಲಿಯಲು ಹೋದಾಗ, ಮೊದಲ ದಿನ ಬಂಡೆಯ ಮುಂದೆ ನಿಂತ ಶಿಕ್ಷಕರು ಹಿಂದಿಯಲ್ಲಿ ಅದನ್ನೇ ಹೇಳಿದರು. ನಾನು ನಕ್ಕುಬಿಟ್ಟೆ. ಅವರಿಗೆ ಸಿಟ್ಟು ಬಂದು, ಎಲ್ಲರಿಗಿಂತ ಮೊದಲು ನನ್ನನ್ನೇ ಹತ್ತಲು ಕಳಿಸಿದರು. ಹತ್ತಿದೆ.

ಬಳ್ಳಿಯ ತುದಿಯಲ್ಲಿ ಹಕ್ಕಿಯ ಗೂಡಿದ್ದರೆ ಅತ್ತೆ ಆ ಬಳ್ಳಿಯನ್ನು ಅರ್ಧಕ್ಕೇ ಬಿಟ್ಟು ಇಳಿಯುತ್ತಿದ್ದಳು. ಇಳಿದು ಬಂದು ಗೂಡಿನಲ್ಲಿ ಎಷ್ಟು ಮೊಟ್ಟೆ, ಯಾವ ಬಣ್ಣ, ಗೂಡಿಗೆ ಏನೇನು ತಂದು ಹೆಣೆದಿದೆ ಎಂದು ನನಗೆ ವಿವರಿಸುತ್ತಿದ್ದಳು. ಭಾನುವಾರ ನಮ್ಮ ಮನೆಯ ಮೇಲಿನ ಹುಲ್ಲುಗುಡ್ಡಕ್ಕೆ ಕರೆದುಕೊಂಡು ಹೋಗುವಾಗಲೂ ಅಷ್ಟೇ. ತುದಿ ಮುಟ್ಟಬೇಕೆಂಬ ಆತುರ ಅವಳಿಗಿರಲಿಲ್ಲ. ಆನೆ ಲದ್ದಿಯಲ್ಲಿ ಮೊಳೆತ ಸಸಿ ಕಂಡರೆ ಅಲ್ಲೇ ಕೂತುಬಿಡುತ್ತಿದ್ದಳು. ಕಾಡು, ಗುಡ್ಡ, ಹಕ್ಕಿ ನನಗೆ ಇಷ್ಟವಾದದ್ದು ಹೀಗೆ, ಅವಳ ಸೆರಗು ಹಿಡಿದು ನಿಂತು ಕಾಯುತ್ತಾ.

ಮೂವತ್ತೊಂದನೆಯ ವಯಸ್ಸಿನಲ್ಲಿ ನಾನು ಒಂದು ದೊಡ್ಡ ಶಿಖರಕ್ಕೆ ಹೋಗಿದ್ದೆ. ನನ್ನ ಹಗ್ಗಕ್ಕೆ ಜೊತೆಯಾಗಿದ್ದವಳು ಕರಾವಳಿಯ ಹುಡುಗಿ, ಮೀನುಗಾರರ ಮನೆಯವಳು, ನನಗಿಂತ ಗಟ್ಟಿ. ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ತುದಿ ನಮ್ಮ ಕಣ್ಣೆದುರೇ ಇತ್ತು. ಆಗ ಅವಳು ನನ್ನನ್ನು ಅವಳ ತಂಗಿಯ ಹೆಸರಿನಿಂದ ಕರೆದಳು. ಇನ್ನೊಮ್ಮೆ ಕರೆದಳು. ಹೆಜ್ಜೆ ತಪ್ಪಾಗಿ ಬೀಳುತ್ತಿತ್ತು. ಎತ್ತರದ ತೆಳು ಗಾಳಿಗೆ ಅವಳ ಮಿದುಳು ಊದುತ್ತಿದೆ, ಇನ್ನು ಒಂದು ಗಂಟೆ ಮೇಲಕ್ಕೆ ಹೋದರೆ ಅವಳು ಉಳಿಯುವುದಿಲ್ಲ ಎಂದು ನನಗೆ ತಿಳಿಯಿತು. ತಿರುಗಿಸಿಕೊಂಡು ಇಳಿಸಿದೆ. ಇಡೀ ದಿನ ಹಿಡಿಯಿತು. ಅವಳು ಉಳಿದಳು. ಆದರೆ ಮತ್ತೆ ಎತ್ತರಕ್ಕೆ ಹೋಗಬಾರದು ಎಂದು ಡಾಕ್ಟರು ಹೇಳಿಬಿಟ್ಟರು.

ನಾನು ಮನೆಗೆ ಬಂದು ಮಂಕಾಗಿ ಕೂತಿದ್ದೆ. ಸರಿಯಾದದ್ದನ್ನೇ ಮಾಡಿದ್ದೆ, ಆದರೂ ಆ ತುದಿ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಅತ್ತೆ ಅಕ್ಕಿರೊಟ್ಟಿ ತಟ್ಟುತ್ತಾ ಕೇಳಿದಳು: "ಆ ತುದೀಲಿ ಏನ್ ಬೆಳಿತೈತೆ?"

"ಏನೂ ಬೆಳೆಯಲ್ಲ ಅತ್ತೆ. ಬರೀ ಮಂಜು."

"ಹಕ್ಕಿ ಪಕ್ಕಿ?"

"ಇಲ್ಲ."

"ಹಂಗಾದ್ರೆ ಏನ್ ಕಳ್ಕಂಡೆ ಅಂತ ಹಿಂಗ್ ಕೂತಿದ್ದೀಯ? ಆ ಹುಡುಗಿ ಊಟ ಮಾಡ್ತಾ ಐತಾ ಕೇಳು, ಫೋನ್ ಮಾಡು."

ಫೋನ್ ಮಾಡಿದೆ. ಅವಳು ಊಟ ಮಾಡುತ್ತಿದ್ದಳು. ಬಾಯಲ್ಲಿ ತುತ್ತಿಟ್ಟುಕೊಂಡೇ, "ನೀನು ನನ್ನನ್ನು ಕೆಳಗೆ ಇಳಿಸಿದೆಯಲ್ಲ, ಈಗ ನನ್ನ ಊರಿಗೆ ಬಾ, ನಾನು ನಿನ್ನನ್ನು ಇನ್ನೂ ಕೆಳಗೆ ಇಳಿಸುತ್ತೇನೆ," ಎಂದಳು.

ಹಾಗೆ ನಾನು ಸಮುದ್ರಕ್ಕೆ ಹೋದದ್ದು. ಬೆನ್ನಿಗೆ ಗಾಳಿಯ ಸಿಲಿಂಡರ್ ಇಲ್ಲ. ಒಂದೇ ಒಂದು ಉಸಿರು ತುಂಬಿಕೊಂಡು, ದೋಣಿಯಿಂದ ಇಳಿಬಿಟ್ಟ ಹಗ್ಗದ ಪಕ್ಕದಲ್ಲೇ ತಲೆಕೆಳಗಾಗಿ ಇಳಿಯಬೇಕು, ಅದೇ ಉಸಿರಿನಲ್ಲಿ ಮೇಲೆ ಬರಬೇಕು. ಮೊದಮೊದಲು ನೀರು ನಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಆಳ ದಾಟಿದ ಮೇಲೆ ತಳ್ಳುವುದನ್ನು ಬಿಟ್ಟು ತಾನೇ ಒಳಗೆ ಕರೆದುಕೊಳ್ಳುತ್ತದೆ. ಉಸಿರು ಬೇಕು ಎಂದು ಹೊಟ್ಟೆ ಒದ್ದುಕೊಳ್ಳುವಾಗ ಗಾಬರಿಯಾಗದೆ, ಇನ್ನೂ ಸಮಯವಿದೆ ಎಂದು ಅದಕ್ಕೆ ಸಮಾಧಾನ ಹೇಳಬೇಕು. ನನ್ನ ಗೆಳತಿ ಕಲಿಸಿದ ಮೊದಲ ನಿಯಮ, ಒಬ್ಬಳೇ ಎಂದೂ ಇಳಿಯಬಾರದು. ನೀನು ಕೆಳಗಿರುವಾಗ ಮೇಲೊಬ್ಬರು ನಿನ್ನ ಮೇಲೇ ಕಣ್ಣಿಟ್ಟಿರಬೇಕು.

ಈ ಸುದ್ದಿ ಅತ್ತೆಗೆ ಹಿಡಿಸಲಿಲ್ಲ. ಹದಿನೈದರ ವಯಸ್ಸಿನಲ್ಲಿ ಬಟ್ಟೆ ಒಗೆಯುವಾಗ ಅವಳು ಕಾಲು ಜಾರಿ ಕೆರೆಗೆ ಬಿದ್ದಿದ್ದಳು. ಯಾರೋ ಜಡೆ ಹಿಡಿದು ಎಳೆದಿದ್ದರಿಂದ ಬದುಕಿದ್ದಳು. ಅಲ್ಲಿಂದ ಮುಂದೆ ಅವಳು ಹಿಮ್ಮಡಿ ಮುಳುಗುವಷ್ಟು ನೀರಿಗಿಂತ ಆಚೆ ಹೋದವಳಲ್ಲ. ನಾನು ಏನು ಕೆಲಸ ಮಾಡುತ್ತೇನೆ ಎಂದು ಯಸಳೂರಿನ ಬಸ್ಸಿನಲ್ಲಿ ಯಾರಾದರೂ ಕೇಳಿದರೆ, "ಬೆಟ್ಟ ಹತ್ತುಸ್ತಾಳೆ," ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗುತ್ತಿದ್ದಳು. ನೀರಿನ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ನಾನು ಫೋಟೋ ತೋರಿಸಲು ಹೋದರೆ ಒಲೆಯ ಕೆಲಸ ನೆನಪಾಗುತ್ತಿತ್ತು.

ಎರಡು ವರ್ಷದ ಹಿಂದಿನ ಮಾರ್ಚ್‌ನಲ್ಲಿ ನಾನು ಊರಿಗೆ ಬಂದಿದ್ದೆ. ಅಪ್ಪ ನಿವೃತ್ತರಾಗಿ, ಯಸಳೂರಿನ ಹತ್ತಿರ ನಮ್ಮದೇ ನಾಲ್ಕು ಎಕರೆ ರೊಬಸ್ಟಾ ಕಾಫಿ ತೋಟ ನೋಡಿಕೊಂಡಿದ್ದರು. ತೋಟದ ಕೆಳಗೊಂದು ಕೆರೆ. ಆ ವಾರ ಒಂದು ಸಂಜೆ ನಾಲ್ಕು ಹನಿ ಮಳೆ ಬಿದ್ದು ನಿಂತುಬಿಟ್ಟಿತ್ತು. ಕಾಫಿ ಬೆಳೆಯುವವರಿಗೆ ಇದರಷ್ಟು ತಾಪತ್ರಯ ಬೇರೆ ಇಲ್ಲ. ಅಷ್ಟು ಹನಿಗೇ ಮೊಗ್ಗು ಎಚ್ಚರಾಗುತ್ತದೆ, ಅರಳಲು ಮಾತ್ರ ಸಾಲುವುದಿಲ್ಲ. ಎರಡು ಮೂರು ದಿನದೊಳಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡದಿದ್ದರೆ ಮೊಗ್ಗು ಕೆಂಪಾಗಿ ಸುಟ್ಟುಹೋಗುತ್ತದೆ. ಆ ವರ್ಷದ ಬೆಳೆ ಅಲ್ಲಿಗೆ ಮುಗಿಯಿತು.

ಸಕಲೇಶಪುರದ ಒಬ್ಬ ಭಾಯಿ ಜೀಪಿನಲ್ಲಿ ಇಂಜಿನ್ನು, ಪೈಪುಗಳನ್ನು ತಂದು ತೋಟ ತೋಟಕ್ಕೆ ನೀರು ಹೊಡೆಸುತ್ತಾರೆ. ಅಪ್ಪನಿಗೆ ಇಪ್ಪತ್ತು ವರ್ಷದ ಗೆಳೆಯರು. ಅತ್ತೆಯನ್ನು ಅಕ್ಕ ಎನ್ನುತ್ತಾರೆ, ನನ್ನನ್ನು ಮಗ ಎನ್ನುತ್ತಾರೆ. ಮಳೆ ಬಿದ್ದ ಮಾರನೆಯ ಸಾಯಂಕಾಲ ಬಂದು ನೀರೆಳೆಯುವ ಪೈಪನ್ನು ಕೆರೆಗೆ ಇಳಿಸಿ ಹೋಗಿದ್ದರು. ಬೆಳಿಗ್ಗೆ ಎದ್ದು, ಆನೆ ಎಲ್ಲಿದೆ ಎಂದು ತಿಳಿಸುವ ವಾಟ್ಸಾಪ್ ಗುಂಪು ತೆಗೆದರೆ ನಮ್ಮ ಕೆರೆಯದೇ ಸುದ್ದಿ. ಮೂರು ಆನೆ, ಒಂದು ಮರಿ ಸ್ನಾನ ಮಾಡಿ ಬೆಳಕಾಗುವ ಮುಂಚೆ ಆಚೆ ಗುಡ್ಡ ದಾಟಿದ್ದವು.

ಹೋಗಿ ನೋಡಿದರೆ ಪೈಪು ಇಳಿಸಿದ ಜಾಗದಲ್ಲಿರಲಿಲ್ಲ. ಅದನ್ನು ಅವು ಆಟಕ್ಕೆ ಎಳೆದಾಡಿ, ತುಳಿದು, ಕೆರೆಯ ನಡುವಿಗೆ ಒಯ್ದಿದ್ದವು. ನಡುವೆ ಯಾವ ಕಾಲದಲ್ಲೋ ಬಿದ್ದ ಮರದ ದಿಮ್ಮಿಯೊಂದು ಮುಳುಗಿದೆ. ಪೈಪಿನ ತುದಿಯ ಫುಟ್ ವಾಲ್ವ್, ಅಂದರೆ ಬುಟ್ಟಿಯ ಹಾಗಿರುವ ಕಬ್ಬಿಣದ ಮೂತಿ, ಆ ದಿಮ್ಮಿಯ ಕೆಳಗೆ ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ದಡದಲ್ಲುಳಿದ ತುದಿ ಹಿಡಿದು ಭಾಯಿಯೂ ಅವರ ಇಬ್ಬರು ಆಳುಗಳೂ ಎಳೆದರು. ಕದಲಲಿಲ್ಲ.

"ಇನ್ನೂ ಎಳೆದ್ರೆ ಪೈಪು ಕಿತ್ಕಂಡ್ ಬತ್ತದೆ ಅಷ್ಟೇ," ಎಂದರು ಭಾಯಿ, ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಾ. "ಮುಳುಗೋ ಜನ ಹಾಸನದಿಂದ ಬರ್ಬೇಕು. ನಾಳೆ ನಾನು ಮಾರನಹಳ್ಳಿ ಕಡೆ ತೋಟಕ್ಕೆ ಮಾತು ಕೊಟ್ಟಿದ್ದೀನಿ ಅಕ್ಕ. ಅವರ ಮೊಗ್ಗೂ ಹಿಂಗೇ ನಿಂತೈತೆ."

ನಾನು ಚಪ್ಪಲಿ ಬಿಚ್ಚಿದೆ. "ನಾನು ಇಳೀತೀನಿ."

"ನೀನು ಇಳಿಯಲ್ಲ," ಎಂದಳು ಅತ್ತೆ.

"ಇದು ನನ್ನ ಕೆಲಸ ಅತ್ತೆ. ಇಪ್ಪತ್ತು ಅಡಿ ನೀರು. ನಾನು ಇದರ ನಾಲ್ಕರಷ್ಟು ಇಳೀತೀನಿ."

"ಅದು ಸಮುದ್ರ. ಇದು ಕೆರೆ. ಕೆಸರು ಹಿಡ್ಕಂಡ್ರೆ ಬುಡಲ್ಲ. ಹೋದ್ರೆ ಹೋಗ್ಲಿ ಈ ವರ್ಷದ ಕಾಫಿ."

ಅಪ್ಪ ನನ್ನ ಮುಖ ನೋಡಿದರು. ಅವರು ಬೇಡ ಎಂದಿದ್ದರೆ ನಾನು ಇಳಿಯುತ್ತಿರಲಿಲ್ಲವೇನೋ. "ಇಂಜಿನ್ ಹ್ಯಾಂಡಲ್ಲು ನನ್ನ ಕೈಲಿರುತ್ತೆ. ನೀನು ನೀರಲ್ಲಿರೋವರ್ಗೂ ಯಾರೂ ಸ್ಟಾರ್ಟ್ ಮಾಡಲ್ಲ," ಎಂದಷ್ಟೇ ಹೇಳಿ, ಹ್ಯಾಂಡಲನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡು ಕೂತರು.

ಮೇಲೆ ನನ್ನನ್ನು ನೋಡಿಕೊಳ್ಳುವವರು ಒಬ್ಬರು ಬೇಕಲ್ಲ. ಬಾಲವನ್ನು ನಾನೇ ಎಳೆದರೆ ಥಟ್ಟನೆ ಬಿಚ್ಚಿಕೊಳ್ಳುವ ಗಂಟು ಹಾಕಿ ಸೊಂಟಕ್ಕೊಂದು ಹಗ್ಗ ಕಟ್ಟಿಕೊಂಡೆ. ಇನ್ನೊಂದು ತುದಿಯನ್ನು ಭಾಯಿಗೆ ಕೊಟ್ಟು, ನಾನು ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ ಎಂದರ್ಥ, ಎರಡು ಸಲ ಜಗ್ಗಿದರೆ ಎಳೆಯಬೇಕು ಎಂದು ವಿವರಿಸಿದೆ. ಅವರು ತಲೆಯಾಡಿಸುವಷ್ಟರಲ್ಲಿ ಅತ್ತೆ ಬಂದು ಅವರ ಕೈಯಿಂದ ಹಗ್ಗ ಕಿತ್ತುಕೊಂಡಳು.

"ಇಲ್ಲಿ ಕೊಡು. ನಮ್ಮ ಹುಡುಗಿ, ನಾನೇ ಹಿಡ್ಕತೀನಿ."

ಮೊದಲ ಸಲ ಇಳಿದಾಗ ಒಂದಾಳು ಆಳಕ್ಕೇ ಬೆಳಕು ಮುಗಿಯಿತು. ಆಮೇಲೆ ಕಣ್ಣಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಳದ ನೀರು ತಣ್ಣಗಿತ್ತು. ಪೈಪನ್ನು ಹಿಡಿದು ಕೈಯಿಂದಲೇ ದಾರಿ ಹುಡುಕುತ್ತಾ ದಿಮ್ಮಿಯನ್ನು ಮುಟ್ಟಿದೆ. ಕೆಸರಿಗೆ ಕೈ ಹಾಕಿದೆನೋ ಇಲ್ಲವೋ, ಸೊಂಟಕ್ಕೆ ಯಾರೋ ಗುದ್ದಿದ ಹಾಗಾಗಿ ನಾನು ಹಿಂದುಮುಂದಾಗಿ ಮೇಲಕ್ಕೆ ಹಾರಿದೆ. ದಡದಲ್ಲಿ ಅತ್ತೆ ಹಗ್ಗವನ್ನು ಭುಜಕ್ಕೆ ಸುತ್ತಿಕೊಂಡು ಗುಡ್ಡದ ಕಡೆಗೆ ಓಡುತ್ತಿದ್ದಳು.

"ಅತ್ತೇ! ನಾನು ಜಗ್ಗಲೇ ಇಲ್ಲ!"

"ಜಗ್ಗಿದಂಗಾಯ್ತು."

"ಇಲ್ಲ!"

"ಮೂವತ್ತು ಎಣಿಸಿದೆ ಕಣೆ. ಯಾರಾದ್ರೂ ಮೂವತ್ತು ಎಣಿಸೋವರ್ಗೂ ಉಸಿರಿಲ್ದೆ ಇರ್ತಾರಾ?" ಹಗ್ಗವನ್ನು ಭುಜದಿಂದ ಬಿಚ್ಚದೆಯೇ ಬಂದು, ದಡ ಹತ್ತಿದ ನನ್ನ ಮುಖವನ್ನು ಸೆರಗಿನಿಂದ ಒರೆಸಿದಳು.

ನನಗೆ ಬಂದ ಸಿಟ್ಟು ಅಲ್ಲೇ ಇಳಿಯಿತು. ತಪ್ಪು ನನ್ನದೇ. ಐದು ವರ್ಷದಿಂದ ನಾನೇನು ಮಾಡುತ್ತೇನೆ ಎಂದು ಅವಳಿಗೆ ಒಮ್ಮೆಯೂ ಕಾಣುವ ಹಾಗೆ ತೋರಿಸಿರಲಿಲ್ಲ. ದಡದ ಹುಲ್ಲಿನ ಮೇಲೆ ಅಂಗಾತ ಮಲಗಿದೆ. ಅವಳ ಕೈಯನ್ನು ತೆಗೆದು ನನ್ನ ಹೊಟ್ಟೆಯ ಮೇಲಿಟ್ಟೆ.

"ಈಗ ಉಸಿರು ಹಿಡೀತೀನಿ. ನೀನು ಎಣಿಸು. ನಡುವೆ ಹೊಟ್ಟೆ ಒದ್ದುಕೊಳ್ಳುತ್ತೆ, ಹೆದರಬೇಡ. ಚೆನ್ನಾಗಿದ್ರೆ ಹೆಬ್ಬೆರಳು ಎತ್ತಿ ತೋರಿಸ್ತೀನಿ."

ಅವಳು ಜೋರಾಗಿ ಎಣಿಸತೊಡಗಿದಳು. ಅರವತ್ತಕ್ಕೆ ಹೆಬ್ಬೆರಳು ತೋರಿಸಿದೆ. ತೊಂಬತ್ತರ ಸುಮಾರಿಗೆ ಹೊಟ್ಟೆ ಒಮ್ಮೆ ಒದ್ದುಕೊಂಡಿತು, ಅವಳ ಎಣಿಕೆ ತಪ್ಪಿತು. ಮತ್ತೆ ಹೆಬ್ಬೆರಳು ತೋರಿಸಿದೆ. ಅವಳು ಮುಂದುವರಿಸಿದಳು. ಭಾಯಿಯೂ ಅವರ ಆಳುಗಳೂ ಸುತ್ತ ನಿಂತು ಅವಳ ಜೊತೆಗೇ ಎಣಿಸುತ್ತಿದ್ದರು. ನೂರೈವತ್ತಕ್ಕೆ ಎದ್ದು ಕೂತು, ಎರಡು ಉಸಿರು ತೆಗೆದುಕೊಂಡು ನಕ್ಕೆ. ಅತ್ತೆ ನನ್ನ ಹೊಟ್ಟೆಯ ಮೇಲಿಂದ ಕೈ ತೆಗೆದಿರಲಿಲ್ಲ.

"ಇಷ್ಟೊತ್ತೂ ನೀನು ಒಳಗೆ ಏನ್ ಮಾಡ್ತಿದ್ದೆ?" ಎಂದು ಮೆಲ್ಲಗೆ ಕೇಳಿದಳು.

"ಸುಮ್ನಿದ್ದೆ ಅತ್ತೆ."

"ಹೂಂ," ಎಂದಳು. ಹಗ್ಗವನ್ನು ಮತ್ತೆ ಕೈಗೆ ತೆಗೆದುಕೊಂಡು, "ಹೋಗು. ನೂರಾಯ್ತಂದ್ರೆ ಎಳಿತೀನಿ. ಒಂದೂ ಹೆಚ್ಚಿಗೆ ಬುಡಲ್ಲ."

ಎರಡನೆಯ ಸಲ ದಿಮ್ಮಿಯ ಕೆಳಗಿನ ಕೆಸರನ್ನು ಕೈಯಿಂದ ಬಗೆದೆ. ವಾಲ್ವಿನ ತುಂಬ ಕಳೆ, ಬೇರು. ತಳದಲ್ಲಿದ್ದುಕೊಂಡೇ ಹಗ್ಗವನ್ನು ಒಮ್ಮೆ ಜಗ್ಗಿದೆ, ಚೆನ್ನಾಗಿದ್ದೇನೆ ಎಂದು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೇಲಿನಿಂದ ಒಂದು ಸಣ್ಣ ಜಗ್ಗು ಬಂತು. ಉತ್ತರ ಕೊಡಬೇಕೆಂದು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಎಷ್ಟೋ ಸಮುದ್ರಗಳಲ್ಲಿ, ಎಷ್ಟೋ ಜನ ನನ್ನ ಹಗ್ಗ ಹಿಡಿದಿದ್ದಾರೆ. ಆ ಕಪ್ಪು ನೀರಿನಲ್ಲಿ ನನಗೆ ಆದಷ್ಟು ಧೈರ್ಯ ಬೇರೆಲ್ಲೂ ಆಗಿಲ್ಲ.

ಮೂರನೆಯ ಸಲ ಇನ್ನೊಂದು ದಪ್ಪ ಹಗ್ಗವನ್ನು ಒಯ್ದು ವಾಲ್ವಿನ ಕತ್ತಿಗೆ ಬಿಗಿದು ಬಂದೆ. ಭಾಯಿಯವರು ಆಚೆ ದಡಕ್ಕೆ ಹೋಗಿ, ಪೈಪು ಸಿಕ್ಕಿಕೊಂಡಿದ್ದ ದಿಕ್ಕಿಗೆ ಎದುರಾಗಿ ಎಳೆದರು. ಕೆಸರು ಒಮ್ಮೆ ಗುಳುಗುಟ್ಟಿ ಅದನ್ನು ಬಿಟ್ಟುಕೊಟ್ಟಿತು. "ಬಂತು ಬಂತು!" ಎಂದು ಭಾಯಿ ಕೂಗಿದ್ದು ಮೇಲಿನ ರಸ್ತೆಗೂ ಕೇಳಿಸಿರಬೇಕು. ಅಪ್ಪ ಹ್ಯಾಂಡಲ್ ಕೊಟ್ಟರು. ಮಧ್ಯಾಹ್ನಕ್ಕೆ ಇಂಜಿನ್ ಹೊಡೆದುಕೊಳ್ಳತೊಡಗಿ, ತೋಟದ ಮೇಲೆ ನೀರು ಸುತ್ತಿ ಸುತ್ತಿ ಬಿತ್ತು.

ಅತ್ತೆ ಅಷ್ಟು ಹೊತ್ತಿಗೆ ಹಗ್ಗ ಸುತ್ತಿಟ್ಟು ಮನೆಗೆ ಹೋಗಿದ್ದಳು. ನಾನು ಹೋದಾಗ ಹಂಡೆಯಲ್ಲಿ ನೀರು ಕಾದಿತ್ತು. ನನ್ನನ್ನು ಮಣೆಯ ಮೇಲೆ ಕೂರಿಸಿ, ಸಣ್ಣವಳಿದ್ದಾಗ ಮಾಡುತ್ತಿದ್ದ ಹಾಗೆ ಸೀಗೆಪುಡಿ ಹಾಕಿ ತಲೆಯ ಕೆಸರು ತಿಕ್ಕಿದಳು. ಚೆನ್ನಾಗಿ ನೋಯುವ ಹಾಗೆಯೇ ತಿಕ್ಕಿದಳು.

"ಎರಡನೇ ಸಲ ನೂರು ದಾಟಿರ್ಬೇಕು, ನೀನು ಬರ್ಲಿಲ್ಲ," ಎಂದಳು.

"ಮತ್ತೆ ಯಾಕೆ ಎಳೀಲಿಲ್ಲ?"

"ಎಂಬತ್ತೈದಕ್ಕೇ ಎಣಿಸೋದು ಬುಟ್ಬುಟ್ಟೆ ಕಣೆ. ಹಗ್ಗ ಕೈಲಿ ಮಿಸುಕಾಡ್ತಾ ಇತ್ತು. ನೀನು ಕೆಲಸ ಮಾಡ್ತಿದ್ದೀಯ ಅಂತ ತಿಳೀತಿತ್ತು. ಕೆಲಸ ಮಾಡೋರನ್ನ ಯಾಕೆ ಎಳೀಬೇಕು?"

ಎಂಟನೆಯ ದಿನ ತೋಟ ಹೂವಾಯಿತು. ರೆಂಬೆ ರೆಂಬೆಯೂ ಬೆಳ್ಳಗಾಗಿ, ಕಿಟಕಿ ಮುಚ್ಚಿದರೂ ಪರಿಮಳ ಒಳಗೆ ಬರುತ್ತಿತ್ತು. ಜೇನು ಹುಳುಗಳ ಸದ್ದಿಗೆ ಅಪ್ಪನ ರೇಡಿಯೋ ಕೇಳಿಸುತ್ತಿರಲಿಲ್ಲ. ಅತ್ತೆ ಹೂವಿನ ನಡುವೆ ನನ್ನನ್ನು ಕರೆದುಕೊಂಡು ಓಡಾಡಿ, ಕೊನೆಗೆ ಕೆರೆಯ ಏರಿಯ ಮೇಲೆ ನಿಂತು, ಬೇರೆಲ್ಲೋ ನೋಡುತ್ತಾ ಕೇಳಿದಳು: "ಆ ನಿನ್ನ ಕನ್ನಡಕ ಎಲ್ಲೈತೆ?"

"ಯಾವುದು?"

"ನೀರೊಳಗೆ ಹಾಕ್ಕತೀಯಲ್ಲ, ಮೂಗು ಮುಚ್ಚೋದು."

ಅವತ್ತು ಅವಳು ಕೂತದ್ದು ಕೆರೆಯ ಮೆಟ್ಟಿಲಿನ ಮೇಲೆ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ. ಒಂದು ಕೈಯಲ್ಲಿ ನನ್ನ ತೋಳನ್ನು ಉಗುರು ಊರುವ ಹಾಗೆ ಹಿಡಿದಿದ್ದಳು. ಮುಖವನ್ನು ನೀರಿನ ಹತ್ತಿರ ತಂದು ಮೂರು ಸಲ ಹಿಂದೆ ತೆಗೆದಳು. ನಾಲ್ಕನೆಯ ಸಲ ಇಟ್ಟಳು. ಮೂರು ಎಣಿಸುವಷ್ಟರಲ್ಲಿ ಎತ್ತಿದಳು. ಕನ್ನಡಕದೊಳಗೆ ಕಣ್ಣು ದೊಡ್ಡದಾಗಿತ್ತು.

"ಮೀನು ಕಣೆ! ನನ್ನೇ ನೋಡ್ತೈತೆ. ರೆಪ್ಪೇನೇ ಬಡಿಯಲ್ಲ!"

ಮತ್ತೆ ಮುಖ ಇಟ್ಟಳು. ಈ ಸಲ ಹತ್ತು ಎಣಿಸಿದೆ. ನನ್ನ ತೋಳಿನ ಮೇಲಿನ ಹಿಡಿತ ಸಡಿಲವಾಗುತ್ತಾ ಬಂತು. ಅರವತ್ತೊಂಬತ್ತು ವರ್ಷದ ಹೆಂಗಸು, ಐವತ್ತನಾಲ್ಕು ವರ್ಷದಿಂದ ನೀರಿಗೆ ಹೆದರಿದವಳು. ಆ ಬೇಸಿಗೆಯಲ್ಲಿ ನಾನು ಹೊರಡುವ ಮುಂಚೆ ಮೆಟ್ಟಿಲಿನಿಂದ ಕೈ ಬಿಟ್ಟು ಅಂಗಾತ ತೇಲುವುದನ್ನು ಕಲಿತಳು. ಸೀರೆ ಬಿಟ್ಟು, ನಾನು ಕೊಟ್ಟ ಉದ್ದ ತೋಳಿನ ಈಜು ಬಟ್ಟೆ ಹಾಕಿಕೊಳ್ಳಲು ಮಾತ್ರ ಎರಡು ವಾರ ಜಗಳವಾಡಿದಳು.

ಅವಳ ಹತ್ತಿರ ಒಂದೇ ಒಂದು ಮಾತು ತೆಗೆದುಕೊಂಡು ಹೋದೆ. ಒಬ್ಬಳೇ ನೀರಿಗೆ ಇಳಿಯಬಾರದು. ಹಾಗಾಗಿ ಈಗ ದಿನಾ ಹನ್ನೊಂದು ಗಂಟೆಗೆ, ಆನೆ ಈ ಕಡೆ ಇಲ್ಲವೆಂದು ಫೋನಿನಲ್ಲಿ ಖಾತ್ರಿ ಮಾಡಿಕೊಂಡ ಮೇಲೆ, ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಅವಳ ಹಿಂದೆ ಕೆರೆಗೆ ಹೋಗಬೇಕು. ಪೇಪರ್ ಓದುವ ಹಾಗಿಲ್ಲ, ಅಕ್ಕನ ಮೇಲೇ ಕಣ್ಣಿಟ್ಟಿರಬೇಕು. ಅಪ್ಪ ಕದ್ದು ಓದುತ್ತಾರೆ ಎಂದು ಅವಳು ನನಗೆ ದೂರು ಹೇಳುತ್ತಾಳೆ.

ಹೋದ ತಿಂಗಳು ನಾನು ಸಮುದ್ರದಲ್ಲಿ ಹೊಸಬರಿಗೆ ಕಲಿಸಿ ದೋಣಿ ಹತ್ತುತ್ತಿದ್ದೆ. ಅತ್ತೆಯ ಫೋನು. ಕೆರೆಯ ಮೂಲೆಯಲ್ಲಿ ದೊಡ್ಡ ಮೀನೊಂದು ನೂರಾರು ಕೆಂಪು ಮರಿಗಳನ್ನು ಕಾಯುತ್ತಾ ನಿಂತಿದೆಯಂತೆ. ಇವಳು ಹತ್ತಿರ ಹೋದರೆ ಎದುರಿಗೆ ಬಂದು ಹೆದರಿಸುತ್ತದಂತೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ಮನೆಯವಳು, ಅದರ ಹೆಸರು ಗೊತ್ತಿಲ್ಲ. ಭಾಯಿಗೆ ಫೋನ್ ಮಾಡಿ ಕೇಳಿದಳಂತೆ.

"ಕೊರವ ಮೀನು ಅಂತೆ. ತಿನ್ನಕ್ಕೆ ಚೆನ್ನಾಗಿರ್ತೈತೆ ಅಂದ. ಬೈದು ಫೋನ್ ಇಟ್ಟೆ," ಎಂದಳು. "ನೀನು ಯಾವಾಗ ಬತ್ತೀಯ? ಮರಿ ದೊಡ್ಡವಾಗೋದ್ರೊಳಗೆ ಬಾ. ಇಬ್ಬರೂ ಒಟ್ಟಿಗೆ ನೋಡಣ."

ಮುಂದಿನ ವಾರದ ತರಗತಿಗಳನ್ನು ಗೆಳತಿಗೆ ಒಪ್ಪಿಸಿ, ಅವತ್ತೇ ಸಂಜೆ ಬಸ್ಸು ಹತ್ತಿದೆ.